ಆನೆಬಾಗಿಲಲ್ಲಿ ನಿಂತ ನಡೆಮಡಿ

ಅರಸನನ್ನು ಶತ್ರುವಿಗೆ ಮಾರಿದವನು ಅರಸನ ಬಲಗಡೆಯಲ್ಲಿ ನಡೆದು ಬಂದ. ಅರಸನಿಗಾಗಿ ಕಾಲು ಕಳೆದುಕೊಂಡವನನ್ನು ಅರಮನೆಯ ಆನೆಬಾಗಿಲ ಮುಂದೆ ಸರಪಳಿ ಹಾಕಿ ನಿಲ್ಲಿಸಿದ್ದರು, ತಲೆ ತೆಗೆಯುವುದಕ್ಕೆ. ಇದು ಯಾರಿಗೂ ತಿಳಿಯದೆ ಆದ ತಪ್ಪಲ್ಲ. ತಿಳಿದವರೇ ಕೂತು, ಯೋಚಿಸಿ, ಒಪ್ಪಿ ಮಾಡಿದ್ದು. ಇಷ್ಟನ್ನು ಮೊದಲು ಹೇಳಿ ಆಮೇಲೆ ತೋರಣಗಳ ಮಾತಿಗೆ ಬರಬೇಕು.

ತೋರಣಗಳಿಗೇನೂ ಕಡಿಮೆ ಇರಲಿಲ್ಲ. ಅರಸು ಕೇತರಸನು ಏಳು ವರ್ಷಗಳ ಮೇಲೆ ಪಟ್ಟಕ್ಕೆ ಮರಳುತ್ತಾನೆಂದು ತೊರೆದುರ್ಗದ ಊರಬಾಗಿಲಿನಿಂದ ಆನೆಬಾಗಿಲಿನವರೆಗೆ ಬಾಳೆಯ ಕಂಬಗಳನ್ನು ನೆಟ್ಟಿದ್ದರು. ಅಂಗಡಿಬೀದಿಯ ಗೋಡೆಗಳಿಗೆಲ್ಲ ಸುಣ್ಣ ಬಳಿದಿದ್ದರು. ಪಟ್ಟ ಕಸಿದುಕೊಂಡಿದ್ದ ದಳವಾಯಿ ಬಾಚಯ್ಯನ ಹೆಸರಿಗೆ ಏಳು ವರ್ಷ ಬಡಿದ ನಗಾರಿಗಳ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿ, ಅದೇ ಆಳುಗಳು ಅದೇ ಕೋಲುಗಳಿಂದ ಕೇತರಸನ ಹೆಸರಿಗೆ ಬಡಿಯುತ್ತಿದ್ದರು. ಬಾಚಯ್ಯ ಹೊಟ್ಟೆಶೂಲೆಯಿಂದ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಅವನ ಉಪ್ಪು ತಿಂದವರು ಹಣೆಗೆ ಹೊಸ ಕುಂಕುಮವಿಟ್ಟುಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದರು.

ಹಿರಿತೊರೆಯ ದಂಡೆಯಲ್ಲಿ, ಕೋಟೆಯ ಹೊರಗೆ, ಮಡಿವಾಳರ ಕೇರಿ. ಅಲ್ಲಿ ಮೂರು ದಿನದಿಂದ ಉಬ್ಬೆಯ ಹಂಡೆಗಳು ಆರಿರಲಿಲ್ಲ. ಸವಳುಮಣ್ಣಿನಲ್ಲಿ ನೆನೆಸಿದ ಬಟ್ಟೆಯನ್ನು ಹಬೆಯಲ್ಲಿ ಬೇಯಿಸಿ, ಕಲ್ಲಿನ ಮೇಲೆ ಬಡಿದು, ಮರಳಿನ ಮೇಲೆ ಹರಡಿ ಒಣಗಿಸಿ, ನಲವತ್ತು ಮಡಿಗಳನ್ನು ಅಣಿ ಮಾಡಬೇಕಾಗಿತ್ತು. ಇದು ನಡೆಮಡಿಯ ಕೆಲಸ. ಪರಸ್ಥಳದಿಂದ ಮರಳುವ ಅರಸು ಊರಬಾಗಿಲಲ್ಲಿ ಕುದುರೆ ಇಳಿಯಬೇಕು. ಅಲ್ಲಿಂದ ಸಿಂಹಾಸನದವರೆಗೆ ಮಡಿವಾಳರು ಹಾಸಿದ ಮಡಿಯ ಮೇಲೆಯೇ ನಡೆಯಬೇಕು. ಮುಂದೆ ಒಬ್ಬರು ಹಾಸುತ್ತ ಹೋಗುತ್ತಾರೆ, ಹಿಂದೆ ಉಳಿದವರು ತೆಗೆದು ಮುಂದಕ್ಕೆ ದಾಟಿಸುತ್ತಾರೆ. ನಡುವೆ ಅರಸನ ಪಾದ ಬರಿ ನೆಲಕ್ಕೆ ತಾಗಿತೋ, ಅವನು ಬಂದಂತೆ ಲೆಕ್ಕವಿಲ್ಲ. ತಿರುಗಿ ಊರ ಹೊರಗೆ ಹೋಗಬೇಕು. ಮಡಿವಾಳರಲ್ಲದ ಕೈ ಹಾಸಿದರೆ ಅದು ಬರಿಯ ಬಟ್ಟೆ, ನಡೆಮಡಿಯಲ್ಲ. ಕೋಟೆ ಕಟ್ಟಿದ ದಿನದಿಂದ ಬಂದ ಕಟ್ಟಳೆ ಇದು.

ಮುಂದೆ ಹಾಸುವ ಹಕ್ಕು ಮಾಚವ್ವನ ಮನೆಯದು. ಐವತ್ತು ದಾಟಿದ ಹೆಂಗಸು. ಸವಳು ತಿಂದು ಬಿಳಿಚಿದ ಕೈಗಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ. ಅವಳ ಗಂಡ ಸಿದ್ದಮಾಚ ಈಗಿಲ್ಲ. ಅರಸು ನವಿಲುಗುಡ್ಡದ ಗವಿಯಲ್ಲಿ ಅಡಗಿದ್ದಾಗ ಅವನಿಗೆ ರಾಗಿಹಿಟ್ಟು, ಉಪ್ಪು, ಊರಿನ ಸುದ್ದಿ ಎಲ್ಲ ಹೋಗುತ್ತಿದ್ದುದು ಮಡಿವಾಳರ ಕತ್ತೆಗಳ ಮೇಲೆ, ಮೈಲಿಗೆ ಬಟ್ಟೆಯ ಗಂಟುಗಳ ಒಳಗೆ. ದೊಡ್ಡವರ ಕಾವಲುಗಾರರು ಮೈಲಿಗೆ ಬಟ್ಟೆಗೆ ಕೈ ಹಾಕುವುದಿಲ್ಲ. ಮೂರನೆಯ ವರ್ಷ ಒಬ್ಬ ಕೈ ಹಾಕಿದ. ಹಿಟ್ಟು ಸಿಕ್ಕಿತು. ಯಾರಿಗೆ ಒಯ್ಯುತ್ತೀಯೆಂದು ಸಿದ್ದಮಾಚನನ್ನು ಕೇಳಿದರು. ಅವನು ಕತ್ತೆಗೆ ಎಂದ. ಸಾಯುವವರೆಗೂ ಬಡಿದರು, ಸಾಯುವವರೆಗೂ ಅವನು ಕತ್ತೆಗೆ ಎಂದೇ ಅಂದ.

ಮಡಿಗಳು ಒಣಗುತ್ತಿದ್ದ ಹೊತ್ತಿನಲ್ಲಿ ಅರಮನೆಯ ಓಲೆಕಾರ ಬಂದ. ಹೆಗಲ ವಲ್ಲಿಯನ್ನು ಮೂಗಿಗೆ ಹಿಡಿದು ಕತ್ತೆಗಳಿಂದ ದೂರ ನಿಂತೇ ಓದಿದ. ನಾಳೆ ಮಧ್ಯಾಹ್ನಕ್ಕೆ ಮೊದಲು ಪ್ರವೇಶ. ಮಡಿವಾಳರು ಊರಬಾಗಿಲಿನಿಂದ ಆನೆಬಾಗಿಲಿನವರೆಗೆ ಹಾಸುವುದು. ಅಲ್ಲಿಂದ ಒಳಗೆ ಮಾಚವ್ವ ಒಬ್ಬಳೇ ಬರುವುದು, ಉಳಿದವರು ಹೊರಗೆ ನಿಲ್ಲುವುದು. ಅರಸು ಆನೆಬಾಗಿಲು ದಾಟಿದ ಕೂಡಲೆ, ಏಳು ವರ್ಷದ ಹಿಂದೆ ಬುರುಜಿನ ಮೇಲೆ ಬಿಳಿ ಬಟ್ಟೆ ತೋರಿಸಿ ದಿಡ್ಡಿಬಾಗಿಲು ತೆರೆದ ದ್ರೋಹಿ ಗುಡ್ಡಪ್ಪನ ತಲೆ ತೆಗೆಯುವುದು.

ಮಾಚವ್ವ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು.

"ಯಾವ ಗುಡ್ಡಪ್ಪ?"

"ಊರಲ್ಲಿ ಎಷ್ಟು ಗುಡ್ಡಪ್ಪ ಇದ್ದಾರೆ? ಕುಂಟ. ನಿಮ್ಮ ಕೇರಿ ಕೊನೆಯಲ್ಲಿ ಹಗ್ಗ ಹೊಸೀತಿದ್ದನಲ್ಲ, ಅವನೇ. ಬೆಳಿಗ್ಗೆ ಎಳಕೊಂಡು ಹೋದರು."

"ಯಾರು ಹೇಳಿದ್ದು ಅವನು ದ್ರೋಹಿ ಅಂತ?"

"ಪ್ರಧಾನಿ ನಾಗಪಯ್ಯನವರು. ಮತ್ತೆ ನೀನು ಹೇಳ್ತೀಯಾ?" ಎಂದು ನಕ್ಕು ಓಲೆಕಾರ ಹೋದ.

ಗುಡ್ಡಪ್ಪ ದಿಡ್ಡಿಬಾಗಿಲ ಕಾವಲಿನವನಾಗಿದ್ದ. ತೊರೆಗೆ ಇಳಿಯುವ ಆ ಸಣ್ಣ ಬಾಗಿಲಲ್ಲೇ ಮಡಿವಾಳರ ಕತ್ತೆಗಳು ಓಡಾಡುತ್ತಿದ್ದುದು. ಏಳು ವರ್ಷದ ಹಿಂದೆ ಬಾಚಯ್ಯ ತಿರುಗಿಬಿದ್ದು ತೊರೆಯಾಚೆ ದಂಡು ಇಳಿಸಿದ್ದ. ಒಂದು ಬೆಳಿಗ್ಗೆ ಮಂಜು ಕರಗಿದಾಗ ದಿಡ್ಡಿಬಾಗಿಲ ಮೇಲಿನ ಬುರುಜಿನಲ್ಲಿ ಒಂದು ಬಿಳಿ ಬಟ್ಟೆ ಹಾರುತ್ತಿತ್ತು. ಊರೆಲ್ಲ ಅದನ್ನು ಕಂಡಿತು, ತೊರೆಯಾಚೆಯವರೂ ಕಂಡರು. ಪ್ರಧಾನಿಯ ಆಳುಗಳು ಬಾಗಿಲ ಅಗಳಿ ತೆಗೆದರು. ತಡೆಯಲು ನಿಂತವನು ಗುಡ್ಡಪ್ಪನೊಬ್ಬನೇ. ತೊಡೆಗೆ ಈಟಿ ಬಿತ್ತು, ಆಮೇಲೆ ಆ ಕಾಲನ್ನೇ ಕತ್ತರಿಸಬೇಕಾಯಿತು. ಅವನು ಬಿದ್ದಲ್ಲೇ ಕೂಗಿ ಎಚ್ಚರಿಸಿದ್ದರಿಂದ ಕೇತರಸ ಇನ್ನೊಂದು ಬಾಗಿಲಿನಿಂದ ಜೀವ ಉಳಿಸಿಕೊಂಡು ಓಡಿದ.

ಮರುದಿನ ಬುರುಜಿನ ರಕ್ತ ತೊಳೆಯಲು ಮಾಚವ್ವನನ್ನು ಕರೆಸಿದ್ದರು. ಬಾವುಟದ ಕಂಬದ ಬಳೆ ತುಕ್ಕು ಹಿಡಿದು ಮುರಿದು, ಬಿಳಿ ಬಟ್ಟೆ ಗಾಳಿಗೆ ಹಾರಿಬಂದು ಬುರುಜಿನ ಬುಡದ ಮುಳ್ಳಿನಲ್ಲಿ ಸಿಕ್ಕಿತ್ತು. ನವುರಾದ ನೂಲಿನ ಉತ್ತರೀಯ. ಆ ಕಬ್ಬಿಣದ ಬಳೆಗೆ ಕಟ್ಟಿದ್ದ ಗಂಟು ಮೂಲೆಯಲ್ಲಿ ಹಾಗೇ ಇತ್ತು, ತುಕ್ಕು ಹತ್ತಿಕೊಂಡು. ಮಾಚವ್ವ ಅಂಚಿನ ಮಡಿಕೆ ಬಿಡಿಸಿದಳು. ಒಳಗೆ ಮೂರು ಚುಕ್ಕೆ, ಕೆಳಗೊಂದು ಅಡ್ಡಗೆರೆ. ಅವಳ ಕೈಯ ಗುರುತೇ. ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಹೋಗಬಾರದೆಂದು ಮಡಿವಾಳರು ಸೂಜಿಯ ಮೊನೆಯನ್ನು ಕೇರುಬೀಜದ ರಸಕ್ಕೆ ಅದ್ದಿ ಮನೆಮನೆಗೆ ಒಂದೊಂದು ಗುರುತು ಇಡುತ್ತಾರೆ. ಬಟ್ಟೆ ಹರಿದು ಹೋದರೂ ಆ ಕಪ್ಪು ಹೋಗುವುದಿಲ್ಲ. ಮೂರು ಚುಕ್ಕೆ ಒಂದು ಗೆರೆ ಪ್ರಧಾನಿ ನಾಗಪಯ್ಯನ ಮನೆಯದು. ತನ್ನ ಬಟ್ಟೆಯ ಅಂಚನ್ನು ಎಂದೂ ತಾನೇ ಮಡಿಸದ ಆ ದೊಡ್ಡ ಮನುಷ್ಯನಿಗೆ, ಅಲ್ಲೊಂದು ಗುರುತಿದೆ ಎಂಬುದೇ ಗೊತ್ತಿರಲಿಲ್ಲ. ತೊರೆಯಾಚೆಗೆ ಕಾಣುವಷ್ಟು ಬೆಳ್ಳಗಿನ ಬಟ್ಟೆ ಬೇಕಾಗಿತ್ತು, ಹೆಗಲ ಮೇಲಿದ್ದುದನ್ನೇ ಕೊಟ್ಟ.

ಮಾಚವ್ವ ಆ ಉತ್ತರೀಯವನ್ನು ನವಿಲುಗುಡ್ಡಕ್ಕೆ ಒಯ್ದು ಅರಸನಿಗೆ ತೋರಿಸಿದ್ದಳು. ಅರಸು ಗುರುತಿನ ಮೇಲೆ ಬೆರಳಿಟ್ಟು ಅತ್ತಿದ್ದ. "ಇದನ್ನು ಜೋಪಾನ ಮಾಡು ಮಾಚವ್ವ. ನಾನು ಮರಳಿದ ದಿನ ಮೊದಲು ಕೇಳುವುದು ಇದನ್ನೇ," ಎಂದಿದ್ದ.

ಅವನು ಕೇಳಲಿಲ್ಲ. ಆದ್ದರಿಂದ ಅವಳೇ ಹೋದಳು. ಊರ ಹೊರಗಿನ ಮಾವಿನತೋಪಿನಲ್ಲಿ ಅರಸನ ಬಿಡಾರ. ಪಟ್ಟದ ಉಡುಪನ್ನು ಒಗೆದು ತಂದಿದ್ದೇನೆಂದು ಹೇಳಿ ಕಾವಲು ದಾಟಿದಳು. ಕೇತರಸ ಒಬ್ಬನೇ ಕೂತು ಎಲೆ ಮೆಲ್ಲುತ್ತಿದ್ದ. ಗವಿಯಲ್ಲಿದ್ದಾಗ ಒಣಗಿ ಕಡ್ಡಿಯಾಗಿದ್ದ ಮೈ ಈ ಕೆಲವೇ ವಾರಗಳಲ್ಲಿ ತುಂಬಿಕೊಂಡಿತ್ತು.

"ಬಾ ಮಾಚವ್ವ. ನೀನು ತರುತ್ತಿದ್ದ ರಾಗಿಹಿಟ್ಟಿನ ರುಚಿ ಇನ್ನೂ ನಾಲಿಗೆಯ ಮೇಲಿದೆ."

"ಇದ್ದರೆ ಒಳ್ಳೇದು ಬುದ್ಧಿ. ತಾವು ಕೇಳ್ತೀನಿ ಅಂದಿದ್ದ ಬಟ್ಟೆ ತಂದಿದ್ದೀನಿ."

ಅರಸು ಬಾಗಿಲ ಕಡೆ ನೋಡಿದ. "ಅದನ್ನು ಒಳಗಿಡು."

"ಗುಡ್ಡಪ್ಪನ ತಲೆ ತೆಗೀತಾರಂತೆ."

"ಕೇಳಿದೆ."

"ಕೇಳಿದಿರೋ, ಒಪ್ಪಿದಿರೋ?"

ಕೇತರಸ ಎಲೆ ಉಗುಳಿದ. "ಬಾಚಯ್ಯ ಸತ್ತ ಮೇಲೆ ಕೋಟೆಯ ಬೀಗದ ಕೈ ನಾಗಪಯ್ಯನ ಕೈಯಲ್ಲಿತ್ತು. ಅವನು ಕರೆಯದಿದ್ದರೆ ನಾನು ಇನ್ನೂ ಗವಿಯಲ್ಲಿ ಬಾವಲಿಗಳ ಜೊತೆ ಇರುತ್ತಿದ್ದೆ. ಊರಿಗೆ ಒಬ್ಬ ದ್ರೋಹಿ ಬೇಕು. ಏಳು ವರ್ಷ ಎಲ್ಲರೂ ಬಾಚಯ್ಯನಿಗೆ ಕೈ ಮುಗಿದಿದ್ದಾರೆ. ಒಬ್ಬನ ತಲೆಯ ಮೇಲೆ ಅದನ್ನೆಲ್ಲ ಹೊರಿಸಿದರೆ ಉಳಿದವರಿಗೆ ನೆಮ್ಮದಿ. ಗುಡ್ಡಪ್ಪನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಕಾಲೂ ಇಲ್ಲ."

"ಆ ಕಾಲು ಎಲ್ಲಿ ಹೋಯ್ತು ಬುದ್ಧಿ?"

ಅರಸು ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ರಾಜ್ಯದ ಮಾತು ನಿನಗೆ ತಿಳಿಯುವುದಿಲ್ಲ. ನಿನ್ನ ಗಂಡನ ಹೆಸರಿಗೆ ಒಂದು ವೀರಗಲ್ಲು ನಿಲ್ಲಿಸುತ್ತೇನೆ. ಹೋಗು, ನಾಳೆಯ ಮಡಿ ಚೆನ್ನಾಗಿರಲಿ," ಎಂದ.

ಮಾಚವ್ವ ಕೈ ಮುಗಿಯಲಿಲ್ಲ. ಅದನ್ನು ಅವನು ಗಮನಿಸಲೂ ಇಲ್ಲ.

ಕೇರಿಗೆ ಬಂದವಳು ಎಲ್ಲರನ್ನೂ ಒಗೆಯುವ ಕಲ್ಲುಗಳ ಹತ್ತಿರ ಕೂಡಿಸಿ ಅರಸನ ಮಾತು ಹೇಳಿದಳು. ಅವಳ ಮೈದುನ ಹಿರೇಮಾಚ ಮಾತು ಕೇಳಿ ಕೈ ಹಿಸುಕಿಕೊಂಡ.

"ಅತ್ತಿಗೆ, ಹಾಸೋದಿಲ್ಲ ಅಂದರೆ ಈಗಲೇ ಹೇಳಿಬಿಡೋಣ. ಕೇರಿಗೆ ಬೆಂಕಿ ಇಟ್ಟಾರು, ಇಡಲಿ."

"ಈಗ ಹೇಳಿದರೆ ನಮ್ಮನ್ನು ಕೊಂದು, ಬೇರೆ ಊರ ಮಡಿವಾಳರನ್ನು ತರಿಸ್ತಾರೆ. ಹಾಸೋಣ. ಚೆನ್ನಾಗೇ ಹಾಸೋಣ. ತಿರುಗಿ ಹೋಗೋಕೂ ಆಗದ ಜಾಗದವರೆಗೆ ಕರಕೊಂಡು ಹೋಗೋಣ."

"ಆಮೇಲೆ?"

"ಆಮೇಲೆ ಸುಮ್ಮನೆ ಕೂತ್ಕೊಳ್ಳೋದು. ದಣಿದಿರ್ತೀರಲ್ಲ."

ಯಾರೋ ನಕ್ಕರು. ಉಳಿದವರಿಗೆ ನಗು ಬರಲಿಲ್ಲ, ಆದರೆ ಬೇಡ ಎಂದವರೂ ಯಾರೂ ಇರಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಕೇತರಸ ಊರಬಾಗಿಲಲ್ಲಿ ಕುದುರೆ ಇಳಿದ. ಮಾಚವ್ವ ಮೊದಲ ಮಡಿ ಹಾಸಿದಳು. ಬರಿಗಾಲಿನ ಅರಸು ಅದರ ಮೇಲೆ ಹೆಜ್ಜೆಯಿಟ್ಟ. ನಗಾರಿ ಮೊಳಗಿತು, ಮಾಳಿಗೆಗಳ ಮೇಲಿಂದ ಹೂವು ಬಿತ್ತು, ಸಾವಿರ ಬಾಯಿ ಒಟ್ಟಿಗೆ ಜಯ ಎಂದವು. ಬಲಗಡೆ ನಾಗಪಯ್ಯ, ಹೆಗಲ ಮೇಲೆ ಹಾಲಿನಂಥ ಉತ್ತರೀಯ. ಎಡಗಡೆ ಬಿದರಹಾಳದ ನಾಯಕ. ಅವನು ಅರಸನ ದಾಯಾದಿ. ಸಾಕ್ಷಿಗೆಂದು ಬಂದವನ ಕಣ್ಣು ಮಾತ್ರ ಅರಸನ ಪಾದ ಬಿಟ್ಟು ಅಲುಗುತ್ತಿರಲಿಲ್ಲ. ಆ ಪಾದ ನೆಲಕ್ಕೆ ತಾಗಿದರೆ ಪಟ್ಟ ತನ್ನದೆಂದು ಹೇಳಲು ಅವನಿಗೆ ಇನ್ನೇನೂ ಬೇಕಾಗಿರಲಿಲ್ಲ.

ಮಡಿಗಳು ಹಿಂದಿನಿಂದ ಮುಂದಕ್ಕೆ ಬರುತ್ತಲೇ ಇದ್ದವು. ಒಂದೊಂದು ಮಡಿ ಹಾಸುವಾಗಲೂ ಮಾಚವ್ವನಿಗೆ ಎದುರಿಗೆ ಆನೆಬಾಗಿಲು ದೊಡ್ಡದಾಗುತ್ತಿತ್ತು. ಅದರ ಪಕ್ಕದ ಕಂಬಕ್ಕೆ ಕಟ್ಟಿದ ಗುಡ್ಡಪ್ಪನೂ, ಮಗ್ಗುಲಲ್ಲಿ ಕತ್ತಿ ಹಿಡಿದವನೂ ಸ್ಪಷ್ಟವಾಗುತ್ತಿದ್ದರು. ತನ್ನ ಕೈಯಾರೆ ತಾನೇ ಅವನ ಸಾವನ್ನು ಮೊಳ ಮೊಳವಾಗಿ ಹತ್ತಿರ ತರುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದೊಂದು ಮಡಿಯ ಸುಕ್ಕನ್ನೂ ಅಂಗೈಯಿಂದ ತೀಡಿ ತೆಗೆದಳು.

ಆನೆಬಾಗಿಲಿಗೆ ಮೂವತ್ತು ಹೆಜ್ಜೆ ಇರುವಾಗ ಅವಳು ಸೊಂಟದಿಂದ ಹಳೆಯ ಉತ್ತರೀಯ ತೆಗೆದು ಹಾಸಿದಳು. ಮೂಲೆಯ ತುಕ್ಕುಗಂಟೂ ಅಂಚಿನ ಗುರುತೂ ಮೇಲೆ ಕಾಣುವ ಹಾಗೆ. ಹಾಸಿ ಎದ್ದು ನಿಂತಳು.

ಅರಸು ನೋಡಿದ. ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟ.

"ಏನೇ ಇದು ಹಳೇ ಚಿಂದಿ?" ಎಂದ ನಾಗಪಯ್ಯ.

"ತಮ್ಮದೇ ಬುದ್ಧಿ. ಒಗೆದು ತಂದಿದ್ದೀನಿ. ಏಳು ವರ್ಷ ತಡ ಆಯ್ತು, ಮನ್ನಿಸಬೇಕು."

ಹತ್ತಿರವಿದ್ದವರು ನಕ್ಕರು. ನಗಾರಿಯವನು ಕೋಲು ನಿಲ್ಲಿಸಿದ, ಯಾಕೆ ನಿಂತಿತೆಂದು ಹಿಂದಿನವರು ಕತ್ತು ಚಾಚಿದರು.

"ಏಳು ವರ್ಷದ ಹಿಂದೆ ಬುರುಜಿನ ಮೇಲೆ ಹಾರಿದ ಬಟ್ಟೆ ಇದು," ಎಂದು ಮಾಚವ್ವ ಗಟ್ಟಿಯಾಗಿ ಹೇಳಿದಳು. "ಊರೆಲ್ಲ ನೋಡಿದ್ದೀರಿ. ಕಂಬದ ಬಳೆಗೆ ಕಟ್ಟಿದ ಗಂಟು ಬಿಚ್ಚಿಲ್ಲ. ಗುಡ್ಡಪ್ಪನ ಮೈ ಮೇಲೆ ಕರಿ ಕಂಬಳಿ ಬಿಟ್ಟು ಬೇರೆ ಬಟ್ಟೆ ನೋಡಿದವರು ಯಾರಾದರೂ ಇದ್ದರೆ ಹೇಳಿ. ಈ ಅಂಚಿನ ಮೂರು ಚುಕ್ಕೆ ಯಾರ ಮನೇದು ಅಂತ ನನ್ನ ಕೇಳಬೇಡಿ. ಪ್ರಧಾನಿಗಳ ಹೆಗಲ ಮೇಲಿನ ಬಟ್ಟೆ ಬಿಡಿಸಿ ನೋಡಿ."

ನಾಗಪಯ್ಯನ ಕೈ ತಾನಾಗಿ ಹೆಗಲಿಗೆ ಹೋಯಿತು. ಅದಕ್ಕೆ ಮೊದಲೇ ಬಿದರಹಾಳದ ನಾಯಕ ಉತ್ತರೀಯದ ತುದಿ ಹಿಡಿದು ಎಳೆದು ಅಂಚು ಬಿಡಿಸಿದ್ದ. ನ್ಯಾಯದ ಮೇಲಿನ ಪ್ರೀತಿಯಿಂದಲ್ಲ. ಅವನಿಗೆ ಅರಸನ ಮುಖ ಬಾಡುವುದು ಬೇಕಾಗಿತ್ತು.

"ಮೂರು ಚುಕ್ಕೆ, ಒಂದು ಗೆರೆ. ಎರಡೂ ಒಂದೇ," ಎಂದ ಅವನು, ಸಂತೋಷ ಮುಚ್ಚಿಡಲಾರದೆ.

"ಗುರುತು ಯಾರು ಬೇಕಾದರೂ ಇಡಬಹುದು," ಎಂದ ನಾಗಪಯ್ಯ. "ಅಗಸಗಿತ್ತಿಯ ಮಾತು ಕೇಳಿ ಪಟ್ಟದ ಮುಹೂರ್ತ ಕಳೆಯುತ್ತೀರಾ? ಎಳೆದು ಹಾಕಿ ಇವಳನ್ನು. ನೀವೇ ಹಾಸಿ."

ಹತ್ತಿರದ ಭಟರಲ್ಲಿ ವಯಸ್ಸಾದವನೊಬ್ಬ ಈಟಿಯನ್ನು ನೆಲಕ್ಕೆ ಊರಿದ. "ನಾವು ಹಾಸಿದರೆ ನಡೆಮಡಿ ಆಗೋದಿಲ್ಲ ಸ್ವಾಮಿ. ಮತ್ತೆ, ಈಟಿ ಹಿಡಿಯೋದು ನನಗೆ ಕಲಿಸಿದವನು ಗುಡ್ಡಪ್ಪ," ಎಂದ. ಅವನ ಪಕ್ಕದವರೂ ಕದಲಲಿಲ್ಲ.

ಕೇತರಸ ತಗ್ಗಿದ ದನಿಯಲ್ಲಿ ಹೇಳಿದ: "ಹಾಸು ಮಾಚವ್ವ. ಒಳಗೆ ಹೋದ ಮೇಲೆ ವಿಚಾರಿಸೋಣ."

"ಬೆಟ್ಟದಲ್ಲೂ ಹಾಗೇ ಅಂದಿರಿ ಬುದ್ಧಿ."

ಅವಳು ಹಿಂದಕ್ಕೆ ನೋಡಿದಳು. ಹಿರೇಮಾಚ ಬಗ್ಗಿ, ಅರಸನ ಹಿಂದಿದ್ದ ಮಡಿಯನ್ನು ಎಳೆದು ಮಡಿಸಿಕೊಂಡ. ಅದರ ಹಿಂದಿನದನ್ನು ಇನ್ನೊಬ್ಬ. ಆಮೇಲೆ ಕೇರಿಯವರೆಲ್ಲ ಮಡಿಯ ಗಂಟುಗಳನ್ನು ಕೆಳಗಿಟ್ಟು ಅವುಗಳ ಪಕ್ಕದಲ್ಲಿ, ಬೀದಿಯ ನಟ್ಟನಡುವೆ, ಕೂತುಬಿಟ್ಟರು.

ತೊರೆದುರ್ಗದ ಅರಸು ಒಂದೇ ಒಂದು ಬಟ್ಟೆಯ ಮೇಲೆ ನಿಂತಿದ್ದ. ಹಿಂದೆ ನೆಲ. ಎರಡು ಪಕ್ಕಕ್ಕೂ ನೆಲ. ಮುಂದೆ ಅವನ ಪ್ರಧಾನಿಯ ಉತ್ತರೀಯ. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲೆ. ಆ ಒಂದು ಬಟ್ಟೆ ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲ. ಇಡೀ ರಾಜ್ಯ ಅಷ್ಟಾಗಿತ್ತು.

ಜಯಕಾರ ಹಾಕುತ್ತಿದ್ದ ಬಾಯಿಗಳು ಮುಚ್ಚಿದ್ದವು. ಆ ಮೌನದಲ್ಲಿ ಕಂಬಕ್ಕೆ ಕಟ್ಟಿದ ಗುಡ್ಡಪ್ಪನ ದನಿ ಕೇಳಿಸಿತು.

"ಮಾಚಕ್ಕಾ, ಸಾಕು ಬಿಡು. ಅವರಿಗೆ ನಿಂತು ಅಭ್ಯಾಸ ಇಲ್ಲ. ನಾನಾದರೆ ಒಂದೇ ಕಾಲಲ್ಲಿ ಏಳು ವರ್ಷ ನಿಂತಿದ್ದೀನಿ."

ಮಾಳಿಗೆಯ ಮೇಲಿಂದ ಒಬ್ಬ ಹೆಂಗಸು, "ಅವನನ್ನು ಬಿಡಿ," ಎಂದಳು. ಅಷ್ಟೇ. ಕೂಗಲೂ ಇಲ್ಲ. ಅಂಗಡಿಬೀದಿಯಿಂದ ಇನ್ನೊಂದು ದನಿ ಅದನ್ನೇ ಹೇಳಿತು. ಆಮೇಲೆ ಯಾರು ಯಾರು ಹೇಳುತ್ತಿದ್ದಾರೆಂದು ಗುರುತಿಸಲು ಆಗಲಿಲ್ಲ. ಏಳು ವರ್ಷ ಬಾಯಿ ಮುಚ್ಚಿಕೊಂಡವರಿಗೆ ಒಮ್ಮೆ ಬಾಯಿ ಬಂದರೆ ಅದು ಬೇಗ ನಿಲ್ಲುವುದಿಲ್ಲ.

ಕೇತರಸನ ಹಣೆಯಿಂದ ಬೆವರು ಹುಬ್ಬಿಗೆ ಇಳಿಯಿತು. ಅವನು ಬಿದರಹಾಳದ ನಾಯಕನ ನಗುವನ್ನು ನೋಡಿದ, ತನ್ನ ಪಾದವನ್ನು ನೋಡಿಕೊಂಡ. ಕೊನೆಗೆ ಕೈ ಎತ್ತಿ ಹೇಳಿದ: "ಗುಡ್ಡಪ್ಪನನ್ನು ಬಿಡಿ. ನಾಗಪಯ್ಯನನ್ನು ಹಿಡಿಯಿರಿ."

ಇದನ್ನು ನ್ಯಾಯ ಎಂದು ಯಾರೂ ತಿಳಿಯಬಾರದು. ಹಿಂದಿನ ದಿನ ಗುಡ್ಡಪ್ಪನನ್ನು ಎಷ್ಟು ಸುಲಭವಾಗಿ ಬಿಟ್ಟುಕೊಟ್ಟನೋ ಅಷ್ಟೇ ಸುಲಭವಾಗಿ ಆ ಅರಸು ಈ ದಿನ ನಾಗಪಯ್ಯನನ್ನು ಬಿಟ್ಟುಕೊಟ್ಟ. ಅವನ ಮನಸ್ಸು ಬದಲಾಗಿರಲಿಲ್ಲ. ಅವನ ಕಾಲು ನೋಯುತ್ತಿತ್ತು.

ಸರಪಳಿ ಕಳಚಿತು. ಗುಡ್ಡಪ್ಪ ಕೋಲೂರಿಕೊಂಡು ಬಂದು ಮಾಚವ್ವನ ಪಕ್ಕ ನಿಂತ ಮೇಲೆಯೇ ಅವಳು ಹಳೆಯ ಉತ್ತರೀಯವನ್ನು ಎತ್ತಿ, ಕೊಡವಿ, ಅವನ ಹೆಗಲ ಮೇಲೆ ಹಾಕಿದಳು. ಆಮೇಲೆ ಮುಂದಿನ ಮಡಿ ಹಾಸಿದಳು. ಸಿಂಹಾಸನದವರೆಗೂ ಹಾಸಿದಳು, ಒಂದು ಸುಕ್ಕೂ ಇಲ್ಲದ ಹಾಗೆ. ಆ ದಿನ ಆನೆಬಾಗಿಲಲ್ಲಿ ಕೇರಿಯವರನ್ನು ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ. ಕತ್ತೆ ಕಾಯುವವರೂ ಒಳಗೆ ಬಂದು ಪಟ್ಟಾಭಿಷೇಕ ನೋಡಿದರು.

ಮುಂದಿನದನ್ನೂ ಹೇಳಬೇಕು. ನಾಗಪಯ್ಯನನ್ನು ಹದಿನಾಲ್ಕು ದಿನ ಸೆರೆಯಲ್ಲಿಟ್ಟು, ವಯಸ್ಸಾಯಿತೆಂದು ಅವನ ಊರಿಗೆ ಪಲ್ಲಕ್ಕಿಯಲ್ಲಿ ಕಳಿಸಿದರು. ಮಾಚವ್ವನ ಮನೆಯಿಂದ ನಡೆಮಡಿಯ ಹಕ್ಕನ್ನು ಕಿತ್ತುಕೊಂಡು, ಕೇರಿಯನ್ನು ತೊರೆಯ ಕೆಳಪಾತ್ರದ ಕಲ್ಲುನೆಲಕ್ಕೆ ಎಬ್ಬಿಸಿದರು. ಅವಳು ಕೊನೆಯವರೆಗೂ ಅಲ್ಲೇ ಒಗೆದಳು. ಸಿದ್ದಮಾಚನ ವೀರಗಲ್ಲು ನಿಲ್ಲಲೇ ಇಲ್ಲ. ಗುಡ್ಡಪ್ಪ ಮಾತ್ರ ಇನ್ನೂ ಒಂಬತ್ತು ವರ್ಷ ಹಗ್ಗ ಹೊಸೆದು, ನಗುತ್ತ ನಗಿಸುತ್ತ ಬದುಕಿದ. ಅರಮನೆಯ ಚರಿತ್ರೆಯ ಬಖೈರು ಬರೆದವನು, ಅರಸರು ತಮ್ಮ ಸೂಕ್ಷ್ಮಬುದ್ಧಿಯಿಂದಲೇ ದ್ರೋಹಿಯನ್ನು ಕಂಡುಹಿಡಿದರೆಂದು ಬರೆದ. ವರ್ಷವರ್ಷವೂ ಆ ದಿನ ತೊರೆದುರ್ಗದಲ್ಲಿ ತೋರಣ ಕಟ್ಟಿದರು, ನಗಾರಿ ಬಡಿದರು, ಬಖೈರನ್ನು ಗಟ್ಟಿಯಾಗಿ ಓದಿದರು. ಕೇಳಿದವರು ಜಯ ಎಂದರು.

ನಿಮ್ಮೂರಿಗೂ ಯಾರೋ ಮರಳಿ ಬರುತ್ತಾರೆ. ನಿಮ್ಮ ಕೈಗೂ ಹೂವು ಕೊಟ್ಟು ಬೀದಿಯ ಪಕ್ಕದಲ್ಲಿ ನಿಲ್ಲಿಸುತ್ತಾರೆ, ಜಯ ಅನ್ನಿ ಎನ್ನುತ್ತಾರೆ. ಹೂವು ಕೆಳಗಿಡಿ. ಬರುವವನ ಬಲಗಡೆ ಯಾರಿದ್ದಾನೆಂದು ನೋಡಿ, ಬಾಗಿಲ ಬಳಿ ಯಾರನ್ನು ಕಟ್ಟಿದ್ದಾರೆಂದು ನೋಡಿ. ಕಟ್ಟಿದವನನ್ನು ಬಿಚ್ಚುವವರೆಗೆ ನಿಮ್ಮ ಕೈಯಲ್ಲಿರುವ ಮಡಿಯನ್ನು ಹಾಸಬೇಡಿ. ಬೀದಿಯಲ್ಲೇ ಕೂತುಕೊಳ್ಳಿ.